ಕ್ಯಾಂಪರ್ ಗಾಡಿಗೆ ಸೈಡ್ ಸ್ಟೆಪ್: ಹುಬ್ಬಳ್ಳಿಯ ಒಂದು ಅಂಗಡಿಯ ಕೆಲಸ, ಎರಡು ಮಳೆಗಾಲದ ನಂತರ

ಹುಬ್ಬಳ್ಳಿಯ ಕಾರವಾರ ರಸ್ತೆಯಲ್ಲಿ ಗಾಡಿಗಳ ಹೆಚ್ಚುವರಿ ಸಾಮಾನು ಮಾರಿ, ಅಲ್ಲಿಯೇ ಕೂರಿಸಿಯೂ ಕೊಡುವ ಒಂದು ಅಂಗಡಿಯಿದೆ. ಅಲ್ಲಿ ನಮ್ಮ ಪಿಕಪ್ ಗಾಡಿಯಾದ ಬೊಲೆರೊ ಕ್ಯಾಂಪರ್‌ಗೆ ಎರಡೂ ಬದಿಯ ಸೈಡ್ ಸ್ಟೆಪ್, ಅಂದರೆ ಹತ್ತಿ ಇಳಿಯಲು ಬಾಗಿಲ ಕೆಳಗೆ ಇರುವ ಮೆಟ್ಟಿಲು, ಹಾಕಿಸಿ ಈಗ ಎರಡು ಮಳೆಗಾಲ ಕಳೆದಿವೆ. ಹಾಕಿಸಿದ ವಾರದಲ್ಲಿಯೇ ಈ ವಿಮರ್ಶೆ ಬರೆಯಲು ಕುಳಿತಿದ್ದರೆ ಹೊಗಳಿಕೆಯ ಹೊರತು ಬೇರೇನೂ ಬರುತ್ತಿರಲಿಲ್ಲ. ಹೊಸ ಸ್ಟೆಪ್ ಎಂಬುದು ಮೊದಲ ದಿನ ಎಲ್ಲ ಅಂಗಡಿಯಲ್ಲಿಯೂ ಒಂದೇ ರೀತಿ ಮಿರುಗುತ್ತದೆ. ಗಾಡಿಯನ್ನು ರ‍್ಯಾಂಪ್ ಮೇಲೆ ಹತ್ತಿಸಿ, ಕೆಳಗೆ ಮಲಗಿ, ಬ್ಯಾಟರಿ ಹಿಡಿದು ಸ್ಟೆಪ್ಪನ್ನು ಗಾಡಿಗೆ ಹಿಡಿದಿಡುವ ಪ್ರತಿಯೊಂದು ಬ್ರಾಕೆಟ್ಟನ್ನೂ ನೋಡಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಗಾಡಿ ಸೆಕೆಂಡ್ ಹ್ಯಾಂಡ್. ಕೊಳ್ಳುವಾಗಲೇ ಅದಕ್ಕೆ ಕಪ್ಪು ಬಣ್ಣದ ಪೈಪಿನ ಸ್ಟೆಪ್ ಇತ್ತು, ನೋಡಲು ಚೆನ್ನಾಗಿಯೇ ಇತ್ತು. ಕುಂದಗೋಳದ ಹೊಲದಲ್ಲಿ ಶೇಂಗಾ ಚೀಲ ಹೇರುತ್ತಿದ್ದಾಗ ಆಳೊಬ್ಬನು ಕಾಲಿಟ್ಟ ಕೂಡಲೇ ಎಡಬದಿಯದು ಬ್ರಾಕೆಟ್ಟಿನ ಬುಡದಲ್ಲಿ ಮುರಿದು ಕೆಳಗೆ ಜೋತುಬಿತ್ತು. ಬಾಗಿಲ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿದ್ದರಿಂದ ಅವನಿಗೆ ಪೆಟ್ಟಾಗಲಿಲ್ಲ. ಬಿಚ್ಚಿ ತೆಗೆದು ಪೈಪಿನ ತುದಿಯ ರಬ್ಬರ್ ಮುಚ್ಚಳ ಕಿತ್ತಾಗ ಒಳಗಿನಿಂದ ಒಣಗಿದ ಎರೆ ಮಣ್ಣಿನ ಹೆಂಟೆಗಳೂ, ಅವುಗಳ ಜೊತೆಗೆ ಈರುಳ್ಳಿ ಸಿಪ್ಪೆಯಂತೆ ಪದರು ಪದರಾಗಿ ಎದ್ದ ಜಂಗೂ ಎರಡು ಬೊಗಸೆಯಷ್ಟು ಸುರಿದವು. ಪೈಪಿನ ಮೇಲ್ಭಾಗ ಗಟ್ಟಿಯಾಗಿತ್ತು. ಕೆಳಭಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳಕ್ಕೆ ಬೆರಳು ಚುಚ್ಚಿದಂತೆ ಒಳಕ್ಕೆ ಹೋಯಿತು. ಹೊರಗಿನ ಬಣ್ಣ ಮಾತ್ರ ಕೊನೆಯವರೆಗೂ ಕಪ್ಪಗೆ ಹೊಳೆಯುತ್ತಿತ್ತು.

ಇದಕ್ಕೆ ನಮ್ಮ ಸೀಮೆಯ ಮಣ್ಣೂ ಒಂದು ಕಾರಣ. ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಮಣ್ಣು ನೀರನ್ನು ಹೀರಿ ಉಬ್ಬಿ, ಬಹಳ ದಿನ ಬಿಡದೆ ಹಿಡಿದುಕೊಳ್ಳುತ್ತದೆ. ಹತ್ತಿ ಬೆಳೆಗೆ ಇದು ವರವಾದರೆ ಗಾಡಿಯ ತಳಕ್ಕೆ ಶಾಪ. ಮುಂದಿನ ಗಾಲಿ ಎರಚಿದ ರಾಡಿ ಬ್ರಾಕೆಟ್ಟಿನ ಸಂದಿಯಲ್ಲಿ ಕುಳಿತರೆ ಮಳೆ ನಿಂತು ವಾರವಾದರೂ ಅಲ್ಲಿ ತೇವ ಆರುವುದಿಲ್ಲ. ಇದರ ಮೇಲೆ ನಾವು ವರ್ಷಕ್ಕೆರಡು ಸಲ ಗೊಬ್ಬರ ತರುತ್ತೇವೆ. ಪೊಟ್ಯಾಷ್ ಎಂದು ನಾವು ಕೊಳ್ಳುವ ಗೊಬ್ಬರ ಪೊಟ್ಯಾಸಿಯಮ್ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಹತ್ತಿರದ ಸಂಬಂಧಿ; ಹರಿದ ಚೀಲದಿಂದ ಉದುರಿದ ಹಿಡಿ ಪುಡಿ ತೇವದ ಜೊತೆ ಸೇರಿದರೆ ಕಬ್ಬಿಣಕ್ಕೆ ಸಮುದ್ರದ ದಂಡೆಗೆ ಹೋಗಿ ನಿಂತಂತೆಯೇ ಆಗುತ್ತದೆ. ಅಂಕೋಲೆಯಲ್ಲಿ ನಂಟರಿರುವುದರಿಂದ ಅರಬೈಲ್ ಘಟ್ಟ ಇಳಿದು ನಿಜವಾದ ಸಮುದ್ರದ ಗಾಳಿಯನ್ನೂ ಈ ಗಾಡಿ ಆಗಾಗ ಕುಡಿದು ಬರುತ್ತದೆ.

ಅಂಗಡಿಯಲ್ಲಿ ಮೂರು ಬಗೆಯ ಸ್ಟೆಪ್ ತೋರಿಸಿದರು: ಸಾದಾ ಕಬ್ಬಿಣದ ಅಂದರೆ ಎಂ.ಎಸ್. ಪೈಪು, ಸ್ಟೇನ್‌ಲೆಸ್ ಪೈಪು, ಮತ್ತು ಅಲ್ಯೂಮಿನಿಯಂನ ಚಪ್ಪಟೆ ಹಲಗೆ. ಸ್ಟೇನ್‌ಲೆಸ್ಸಿನ ಬಗ್ಗೆ ಅಂಗಡಿಯ ಹುಡುಗನು ಬಹಳ ಉತ್ಸಾಹದಿಂದ ಹೇಳಿದನು. ಜೇಬಿನಿಂದ ಅಯಸ್ಕಾಂತದ ತುಂಡೊಂದನ್ನು ತೆಗೆದು ಪೈಪಿಗೆ ಮುಟ್ಟಿಸಿ, “ನೋಡ್ರಿ ಸರ, ಹಿಡಿಯಂಗಿಲ್ಲ. ಒರಿಜಿನಲ್ 304 ಐತಿ, ಜಂಗಿನ ಮಾತ ಇಲ್ಲ” ಎಂದನು. ಈ ಪರೀಕ್ಷೆಯನ್ನು ಹಲವರು ನಂಬುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. 304 ಎಂಬ ದರ್ಜೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಅಗ್ಗದ 202 ದರ್ಜೆಯಲ್ಲಿ ನಿಕ್ಕಲ್ಲನ್ನು ಕಡಿಮೆ ಮಾಡಿ ಆ ಜಾಗಕ್ಕೆ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಯಸ್ಕಾಂತವು ಎರಡನ್ನೂ ಹಿಡಿಯುವುದಿಲ್ಲ. ಹೀಗಾಗಿ ಆ ಪರೀಕ್ಷೆಯಿಂದ ಅದು ಸಾದಾ ಕಬ್ಬಿಣವಲ್ಲ ಎಂಬುದಷ್ಟೇ ಗೊತ್ತಾಗುತ್ತದೆ. ಉಪ್ಪಿನ ಗಾಳಿಯಲ್ಲಿ 202ರ ಮೇಲೆ ಚಹಾದ ಕಲೆಯಂತಹ ಕಂದು ಚುಕ್ಕೆಗಳು 304ಕ್ಕಿಂತ ಬೇಗ ಏಳುತ್ತವೆ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಪೈಪು ಸ್ಟೇನ್‌ಲೆಸ್ ಆದರೂ ಅದನ್ನು ಹೊತ್ತಿರುವ ಬ್ರಾಕೆಟ್ಟುಗಳು ಕಪ್ಪು ಬಣ್ಣ ಬಳಿದ ಸಾದಾ ಕಬ್ಬಿಣದವೇ ಆಗಿದ್ದವು. ಎರಡು ಬಗೆಯ ಲೋಹ ಒಂದಕ್ಕೊಂದು ತಾಗಿ, ನಡುವೆ ಉಪ್ಪು ನೀರು ನಿಂತರೆ ಕೀಳು ಲೋಹವೇ ಮೊದಲು ಸವೆಯುತ್ತದೆ. ದೊಡ್ಡ ಸ್ಟೇನ್‌ಲೆಸ್ ಪೈಪಿಗೆ ಸಣ್ಣ ಕಬ್ಬಿಣದ ಬ್ರಾಕೆಟ್ ಕಟ್ಟಿದರೆ ಆ ಬ್ರಾಕೆಟ್ಟೇ ಬಲಿ, ಮತ್ತು ಮುರಿಯುವುದೂ ಅಲ್ಲಿಯೇ. ನನ್ನ ಹಳೆಯ ಸ್ಟೆಪ್ ಮುರಿದದ್ದು ಎಲ್ಲಿ ಎಂಬುದು ಆಗ ನೆನಪಾಯಿತು.

ಅಲ್ಯೂಮಿನಿಯಂ ಹಲಗೆ ಅವ್ವನಿಗೆ ಬಹಳ ಹಿಡಿಸಿತು. ಎಪ್ಪತ್ತು ದಾಟಿದ ಮೊಣಕಾಲಿಗೆ ದುಂಡನೆಯ ಪೈಪಿಗಿಂತ ಅಗಲವಾದ ಹಲಗೆಯೇ ಸುಖ ಎಂಬುದನ್ನು ಅಲ್ಲಗಳೆಯಲಾರೆ. ಮನೆಯವರಷ್ಟೇ ಓಡಾಡುವ ಗಾಡಿಯಾಗಿದ್ದರೆ ನಾನೂ ಅದನ್ನೇ ಕೊಳ್ಳುತ್ತಿದ್ದೆ. ಆಗ ಅದನ್ನು ಕಬ್ಬಿಣದ ಬ್ರಾಕೆಟ್ಟಿಗೆ ನೇರವಾಗಿ ಬಿಗಿಯದೆ ನಡುವೆ ನೈಲಾನ್ ಅಥವಾ ರಬ್ಬರ್ ವಾಷರ್ ಹಾಕಿಸಬೇಕು, ಇಲ್ಲದಿದ್ದರೆ ತಾಗಿದ ಜಾಗದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ನಮ್ಮದು 50 ಕೆಜಿ ಚೀಲ ಹೊತ್ತವರೂ ತುಳಿಯುವ ಗಾಡಿ. ಬಾಗಿದರೆ ಕುಂದಗೋಳದಲ್ಲಿಯೇ ವೆಲ್ಡಿಂಗ್ ಅಂಗಡಿಯಲ್ಲಿ ಸರಿಪಡಿಸಬಹುದಾದ ಎಂ.ಎಸ್. ಪೈಪನ್ನೇ ಆರಿಸಿಕೊಂಡೆ, ಕಾಲಿಡುವ ಜಾಗದಲ್ಲಿ ಅಗಲವಾದ ರಬ್ಬರ್ ಪಟ್ಟಿ ಇರುವುದನ್ನು ನೋಡಿ.

ಪೈಪಿನ ದಪ್ಪವನ್ನು ಕಣ್ಣಿನಿಂದ ಅಳೆಯಲಾಗುವುದಿಲ್ಲ, ತುದಿಯಲ್ಲಿ ಮುಚ್ಚಳವಿರುತ್ತದೆ. ತೂಕ ಮಾಡಿದರೆ ಗೊತ್ತಾಗುತ್ತದೆ. ಮೂರು ಇಂಚಿನ ಪೈಪು 2 ಮಿ.ಮೀ. ದಪ್ಪವಿದ್ದರೆ ಒಂದು ಮೀಟರಿಗೆ ಸುಮಾರು 3.6 ಕೆಜಿ ತೂಗುತ್ತದೆ, 1.2 ಮಿ.ಮೀ. ಇದ್ದರೆ ಸುಮಾರು 2.2 ಕೆಜಿ ಮಾತ್ರ. ಪಕ್ಕದ ಗುಜರಿ ಅಂಗಡಿಯ ತಕ್ಕಡಿಯಲ್ಲಿ ಎರಡು ಬಗೆಯದನ್ನೂ ತೂಗಿಸಿದೆ. ಹೊರಗಿನಿಂದ ಅವಳಿ ಮಕ್ಕಳಂತೆ ಕಾಣುತ್ತಿದ್ದ ಎರಡು ಸ್ಟೆಪ್‌ಗಳಲ್ಲಿ ಒಂದು ಇನ್ನೊಂದಕ್ಕಿಂತ ಎರಡು ಕಿಲೋಗೂ ಹೆಚ್ಚು ಹಗುರವಾಗಿತ್ತು. ಬೆಲೆಯ ವ್ಯತ್ಯಾಸ 900 ರೂಪಾಯಿ. ಅಂಗಡಿಯ ಮಾಲೀಕರು ಇದಕ್ಕೆ ಬೇಸರಪಡಲಿಲ್ಲ, ತಾವೇ ತಕ್ಕಡಿಯ ಬಳಿ ಬಂದು ನಿಂತರು. ಈ ಅಂಗಡಿಯ ಬಗ್ಗೆ ನನಗೆ ಮೊದಲು ಗೌರವ ಮೂಡಿದ್ದು ಅಲ್ಲಿ.

ಕೂರಿಸುವ ಕೆಲಸದಲ್ಲಿ ಅಲ್ಲಿನ ಮೇಸ್ತ್ರಿಯ ಕೈ ಒಳ್ಳೆಯದು. ಬೊಲೆರೊ ಕ್ಯಾಂಪರ್‌ನಂತಹ ಗಾಡಿಯಲ್ಲಿ ಕೆಳಗೆ ಏಣಿಯ ಆಕಾರದ ಚಾಸಿ ಇದ್ದು, ಅದರ ಮೇಲೆ ರಬ್ಬರ್ ಬುಷ್‌ಗಳ ಆಧಾರದಲ್ಲಿ ಕ್ಯಾಬಿನ್ ಕುಳಿತಿರುತ್ತದೆ. ಸ್ಟೆಪ್ಪಿನ ಭಾರವೆಲ್ಲ ಚಾಸಿಯ ಉದ್ದದ ತೊಲೆಗೆ ಹೋಗಬೇಕು. ಬಾಗಿಲ ಕೆಳಗಿನ ತೆಳುವಾದ ತಗಡಿಗೆ ಬಿಗಿದರೆ ತಗಡು ಹರಿಯುತ್ತದೆ, ಹರಿದಲ್ಲಿಂದ ಜಂಗು ಕ್ಯಾಬಿನ್ನಿನೊಳಕ್ಕೂ ಏರುತ್ತದೆ. ಮೇಸ್ತ್ರಿಯು ಚಾಸಿಗೆ ಹೊಸ ತೂತು ಕೊರೆಯಲಿಲ್ಲ, ವೆಲ್ಡಿಂಗ್ ಮಾಡುವ ಮಾತನ್ನಂತೂ ಎತ್ತಲೇ ಇಲ್ಲ. ಬೇರೆ ಎರಡು ಕಡೆ ವಿಚಾರಿಸಿದಾಗ “ಒಂದ ಟಾಕಿ ಹೊಡದಬಿಡ್ತೀವ್ರಿ, ಜನ್ಮಕ್ಕ ಬಿಚ್ಚಂಗಿಲ್ಲ” ಎಂದಿದ್ದರು. ಚಾಸಿಗೆ ಬೆಸುಗೆ ಹಾಕಿದರೆ ಕಾದ ಜಾಗದಲ್ಲಿ ಉಕ್ಕಿನ ಹದ ಕೆಡುತ್ತದೆ. ತೊಲೆಯ ಒಳಮೈಯ ಬಣ್ಣ ಸುಟ್ಟು ಹೋಗುತ್ತದೆ, ಅಲ್ಲಿಗೆ ಮತ್ತೆ ಬ್ರಷ್ ತಲುಪುವುದಿಲ್ಲ. ಬ್ರೇಕಿನ ಪೈಪು, ಡೀಸೆಲ್ ಪೈಪು, ವಯರಿಂಗು ಎಲ್ಲವೂ ಅದೇ ತೊಲೆಯ ಮಗ್ಗುಲಲ್ಲಿ ಹಾದುಹೋಗುತ್ತವೆ ಎಂಬುದು ಬೇರೆ. ಇಲ್ಲಿ ಕಂಪನಿಯವರೇ ಬಿಟ್ಟಿರುವ ತೂತುಗಳಿಗೆ ಬದಿಗೆ ಮೂರರಂತೆ ಬ್ರಾಕೆಟ್ ಹಿಡಿಸಿ, ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿಯೇ ತೊಡಿಸಿ, ಕ್ಯಾಬಿನ್ನಿನಿಂದ ಮುಂದೆ ಹಿಂದೆ ಎಷ್ಟು ಅಂತರವೆಂದು ಅಳೆದು, ನಾಲ್ಕೂ ಬಾಗಿಲು ತೆರೆದು ಮುಚ್ಚಿ ನೋಡಿ, ನಡುವಿನಿಂದ ಆರಂಭಿಸಿ ಬಿಗಿ ಮಾಡಿದರು. ಕ್ಯಾಬಿನ್ನಿನ ನೆಲ ಭೂಮಿಯಿಂದ 66 ಸೆಂ.ಮೀ. ಎತ್ತರದಲ್ಲಿದೆ, ಸ್ಟೆಪ್ 42ರಲ್ಲಿ ಕುಳಿತಿದೆ. ಅವ್ವ ಈಗ ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾಳೆ.

ಆದರೆ ಜಂಗಿನ ವಿಷಯಕ್ಕೆ ಬಂದರೆ ಇದೇ ಅಂಗಡಿಯವರಿಗೆ ಅದು ತಮ್ಮ ಕೆಲಸ ಎಂದೇ ಅನ್ನಿಸಿಲ್ಲ. ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಒಲೆಯಲ್ಲಿ ಬೇಯಿಸಿ ಹಿಡಿಸುವುದು) ಎಂದು ಹೇಳಿ ಮಾರಿದ ಸ್ಟೆಪ್ಪಿನ ಬ್ರಾಕೆಟ್ಟನ್ನು ತಿರುವಿ ನೋಡಿದರೆ ಮಡಿಕೆಯ ಒಳಗೆ ಬರಿಯ ಕಬ್ಬಿಣ ಕಾಣುತ್ತಿತ್ತು. ಪೈಪಿನ ಎರಡೂ ತುದಿ ಮುಚ್ಚಿದ್ದವು, ಒಳಗೆ ಸೇರಿದ ನೀರು ಹೊರಹೋಗಲು ಕೆಳಗೆ ಒಂದು ಸಣ್ಣ ತೂತೂ ಇರಲಿಲ್ಲ. ನೀರು ಒಳಗೆ ಹೋಗುವುದೇ ಇಲ್ಲ ಎಂಬುದು ಅವರ ವಾದ. ಹಳೆಯ ಪೈಪಿನಿಂದ ಸುರಿದ ಮಣ್ಣನ್ನು ಬೊಗಸೆಯಲ್ಲಿ ಹಿಡಿದು ನೋಡಿದವನಿಗೆ ಆ ವಾದ ಹಿಡಿಸಲಿಲ್ಲ. ಒಂದು ಬ್ರಾಕೆಟ್ಟಿನ ತೂತು ಚಾಸಿಯ ತೂತಿಗೆ ಕೂಡಲಿಲ್ಲವೆಂದು ಗ್ರೈಂಡರಿನಿಂದ ಅಗಲ ಮಾಡಿ, ಬೆಳ್ಳಗೆ ಹೊಳೆಯುತ್ತಿದ್ದ ಆ ಅಂಚಿಗೆ ಕಪ್ಪು ಸ್ಪ್ರೇ ಡಬ್ಬಿಯನ್ನು ಒಂದು ಸಲ ಆಡಿಸಿ ಮುಗಿಸಿದರು. ಜೊತೆಗೆ ಕೊಟ್ಟ ಬೋಲ್ಟುಗಳು ಹೊಳೆಯುವ ತೆಳು ಸತುವಿನ ಲೇಪನದವು. ವಿದ್ಯುತ್ತಿನಿಂದ ಲೇಪಿಸುವ ಆ ಸತುವಿನ ದಪ್ಪ ಸಾಮಾನ್ಯವಾಗಿ ಹತ್ತು ಮೈಕ್ರಾನಿನ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಆಸುಪಾಸಿನಲ್ಲಿ ಇರುತ್ತದೆ. ಗಾಡಿಯ ತಳದಲ್ಲಿ ರಾಡಿಗೂ ಉಪ್ಪಿಗೂ ಸಿಕ್ಕರೆ ಹೆಚ್ಚು ದಿನ ಬಾಳುವುದಿಲ್ಲ.

ಇಲ್ಲಿ ನಾನು ಒಂದು ಹಟ ಹಿಡಿದೆ. ಈ ದಿನ ಕೂರಿಸಿದ್ದು ಪರೀಕ್ಷೆಗೆ ಮಾತ್ರ. ಕೊರೆಯುವುದು, ಕೊಯ್ಯುವುದು, ಉಜ್ಜುವುದು ಎಲ್ಲವನ್ನೂ ಈಗಲೇ ಮುಗಿಸಿ, ಮತ್ತೆ ಪೂರ್ತಿಯಾಗಿ ಬಿಚ್ಚಿ ಕೊಡಿ. ಬಣ್ಣ ಮಾಡಿಸಿಕೊಂಡು ಬಂದ ಮೇಲೆ ಎರಡನೆಯ ಸಲ ಕೂರಿಸಿ ಎಂದು ಕೇಳಿದೆ. ಬಣ್ಣವಾದ ಮೇಲೆ ಕೊರೆದ ತೂತು ಜಂಗಿಗೆ ತೆರೆದಿಟ್ಟ ಬಾಗಿಲು, ಆದ್ದರಿಂದ ಕೊರೆಯುವ ಕೆಲಸವೆಲ್ಲ ಬಣ್ಣಕ್ಕಿಂತ ಮೊದಲೇ ಆಗಬೇಕು. ಮೇಸ್ತ್ರಿಗೆ ಇದು ಹೊಸದು. “ಇಷ್ಟ ಯಾರೂ ಮಾಡ್ಸಂಗಿಲ್ರಿ ಸರ” ಎಂದು ನಕ್ಕರು, ಆದರೂ ಪ್ರತಿಯೊಂದು ಪೈಪಿನ ಕೆಳಮೈಗೆ ಎರಡು ತುದಿಯ ಹತ್ತಿರ 8 ಮಿ.ಮೀ. ತೂತು ಕೊರೆದು, ಬ್ರಾಕೆಟ್ಟುಗಳ ಮೇಲೆ ಯಾವುದು ಯಾವ ಜಾಗದ್ದೆಂದು ಪಂಚಿನಿಂದ ಗುರುತು ಹೊಡೆದು ಕೊಟ್ಟರು. ಎರಡನೆಯ ಸಲದ ಕೂಲಿಯೆಂದು 400 ರೂಪಾಯಿ ಮಾತ್ರ ಹೆಚ್ಚಿಗೆ ತೆಗೆದುಕೊಂಡರು. ಸೀಮೆಸುಣ್ಣದ ಗುರುತು ಕೋಟಿಂಗಿನಲ್ಲಿ ಉಳಿಯುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ, ಪಂಚಿನ ಉಪಾಯ ಮೇಸ್ತ್ರಿಯದೇ.

ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಪೌಡರ್ ಕೋಟಿಂಗ್ ಮಾಡುವವರಲ್ಲಿ ಅವುಗಳನ್ನು ಒಯ್ದೆ. ಮೊದಲು ಕಾದು ಕರಗಿದ ಸತುವಿನಲ್ಲಿ ಅದ್ದಿಸುವ ವಿಚಾರವೂ ಇತ್ತು. ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಅದ್ದಿದರೆ ಪೈಪಿನ ಒಳಮೈಗೂ ಲೇಪ ಸಿಗುತ್ತದೆ, ಮತ್ತು ಗೀರು ಬಿದ್ದರೂ ಸತುವು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ರಸ್ತೆ ಬದಿಯ ತಡೆಗೋಡೆಯ ತಗಡುಗಳು ವರ್ಷಗಟ್ಟಲೆ ಬೂದು ಬಣ್ಣದಲ್ಲಿಯೇ ನಿಂತಿರುವುದು ಇದೇ ಕಾರಣಕ್ಕೆ. ಆದರೆ ಮುಚ್ಚಿದ ಪೈಪಿಗೆ ಗಾಳಿ ಹೋಗುವ ತೂತುಗಳು ಸಾಕಷ್ಟು ದೊಡ್ಡದಾಗಿ ಇರದಿದ್ದರೆ ಒಳಗಿನ ತೇವ ಆವಿಯಾಗಿ ಪೈಪು ಸಿಡಿಯುವ ಅಪಾಯವಿದೆ, ತೆಳುವಾದದ್ದು ಶಾಖಕ್ಕೆ ತಿರುಚಿಕೊಳ್ಳಲೂಬಹುದು. ಒಂದು ಜೊತೆ ಸ್ಟೆಪ್ಪಿಗಾಗಿ ಅಷ್ಟು ಓಡಾಡುವುದು ಲೆಕ್ಕಕ್ಕೆ ಬರಲಿಲ್ಲ.

ಕೋಟಿಂಗಿನವರಲ್ಲಿ ನಾನು ಕೇಳಿದ್ದು ಎರಡೇ ಸಂಗತಿ. ಹಳೆಯ ಬಣ್ಣವನ್ನು ಆಸಿಡ್ಡಿನಲ್ಲಿ ಅದ್ದಿ ತೆಗೆಯದೆ ಬ್ಲಾಸ್ಟಿಂಗ್ ಮಾಡಿ, ಅಂದರೆ ಗಾಳಿಯ ಒತ್ತಡದಿಂದ ಒರಟು ಕಣಗಳನ್ನು ಹೊಡೆದು, ತೆಗೆಯಬೇಕು. ಮಡಿಕೆಗಳಲ್ಲಿ ಉಳಿದ ಆಸಿಡ್ಡನ್ನು ಎಷ್ಟು ತೊಳೆದರೂ ಒಂದಿಷ್ಟು ಉಳಿದೇ ಉಳಿಯುತ್ತದೆ, ಹೊಸ ಬಣ್ಣದ ಅಡಿಯಿಂದಲೇ ಅದು ಕೆಲಸ ಆರಂಭಿಸುತ್ತದೆ. ಎರಡನೆಯದಾಗಿ, ಪೌಡರಿಗಿಂತ ಮೊದಲು ಸತು ಹೆಚ್ಚಿರುವ ಎಪಾಕ್ಸಿ ಪ್ರೈಮರ್ ಬೇಕು. ಅದರ ಮೇಲೆ ಪೌಡರ್ ಹೊಡೆದು 200 ಡಿಗ್ರಿಯ ಆಸುಪಾಸಿನ ಒಲೆಯಲ್ಲಿ ಬೇಯಿಸಿ ಕೊಟ್ಟರು. ಅವರ ಮೀಟರಿನಲ್ಲಿ ಹೊರಮೈ 90 ಮೈಕ್ರಾನ್ ತೋರಿಸಿತು, ಬ್ರಾಕೆಟ್ಟಿನ ಮಡಿಕೆಯಲ್ಲಿ 50. ಮೂಲೆಗಳಿಗೆ ಪೌಡರ್ ಸುಲಭವಾಗಿ ಇಳಿಯುವುದಿಲ್ಲವಾದ್ದರಿಂದ ಆ 50ನ್ನು ನಾನು ತಪ್ಪೆಂದು ಎಣಿಸಲಿಲ್ಲ. ಖರ್ಚು 1,800 ರೂಪಾಯಿ.

ಪೈಪಿನ ಒಳಮೈಗೆ ಪೌಡರ್ ತಲುಪುವುದಿಲ್ಲ. ಕಾರುಗಳ ಬಾಗಿಲ ಒಳಗೆ ಹೊಡೆಯುವ ಮೇಣದಂತಹ ಸ್ಪ್ರೇ ಸಿಗುತ್ತದೆ. ಉದ್ದನೆಯ ನಳಿಗೆಯನ್ನು ಕೆಳಗಿನ ತೂತಿನಿಂದ ತೂರಿಸಿ, ಪೈಪನ್ನು ತಿರುಗಿಸುತ್ತ, ತೂತಿನಿಂದ ಹನಿ ಹೊರಬರುವವರೆಗೂ ಹೊಡೆದೆ. ನಮ್ಮ ಕಡೆ ಇದಕ್ಕೆ ಹಳೆಯ ಎಂಜಿನ್ ಆಯಿಲ್ ಸುರಿಯುವ ರೂಢಿಯಿದೆ. ಅದು ರಬ್ಬರನ್ನು ಉಬ್ಬಿಸುತ್ತದೆ, ಹೊಲದ ಮಣ್ಣಿಗೆ ತೊಟ್ಟಿಕ್ಕುತ್ತದೆ, ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಆ ಗೊಡವೆಗೆ ನಾನು ಹೋಗಲಿಲ್ಲ. ಅಂಗಡಿಯವರು ತಳಕ್ಕೆಲ್ಲ ಡಾಂಬರಿನಂತಹ ಕಪ್ಪು ಕೋಟಿಂಗ್ ಬಳಿಯುತ್ತೇವೆಂದು 2,500 ರೂಪಾಯಿ ಕೇಳಿದ್ದರು. ತೊಳೆಯದ, ಒಣಗದ ಚಾಸಿಯ ಮೇಲೆ ಅದನ್ನು ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ; ಜಂಗು ನಿಲ್ಲುವುದಿಲ್ಲ, ನಮ್ಮ ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ಗಾಡಿಯ ಮುಂಭಾಗಕ್ಕೆ ಕ್ರ್ಯಾಶ್ ಗಾರ್ಡ್, ಅಂದರೆ ಬಂಪರಿನ ಮುಂದೆ ಕೂರಿಸುವ ಲೋಹದ ಚೌಕಟ್ಟು, ಹಾಕಿಸಿಕೊಳ್ಳಿ ಎಂದೂ ಒತ್ತಾಯಿಸಿದರು. ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಮಾರುವವರು ಮಾರುತ್ತಲೇ ಇದ್ದಾರೆ.

ಎರಡನೆಯ ಸಲ ಕೂರಿಸುವಾಗ ಬೋಲ್ಟುಗಳನ್ನು ನಾನೇ ತಂದುಕೊಟ್ಟೆ: ಬೂದು ಬಣ್ಣದ, ಜಿಂಕ್ ಫ್ಲೇಕ್ (ಸತುವಿನ ಸಣ್ಣ ಚಕ್ಕೆಗಳ) ಲೇಪನದ, 8.8 ಎಂಬ ಗಟ್ಟಿ ದರ್ಜೆಯ 10 ಮಿ.ಮೀ. ಬೋಲ್ಟು, ಒಳಗಿನ ನೈಲಾನ್ ಬಳೆಯಿಂದಾಗಿ ಸುಲಭವಾಗಿ ಸಡಿಲವಾಗದ ನೈಲಾಕ್ ನಟ್ಟು, ಅಗಲ ವಾಷರ್. ಇವುಗಳನ್ನು 45 ನ್ಯೂಟನ್ ಮೀಟರಿನಷ್ಟು ಬಿಗಿಯಬೇಕು. ಅಂಗಡಿಯಲ್ಲಿ ಬಿಗಿತವನ್ನು ಅಳೆಯುವ ಟಾರ್ಕ್ ರೆಂಚ್ ಇರಲಿಲ್ಲ, ಮೇಸ್ತ್ರಿಯು ಕೈ ಅಂದಾಜಿನಿಂದ ಬಿಗಿದರು. ಮರುದಿನ ಗೆಳೆಯರೊಬ್ಬರ ರೆಂಚ್ ತಂದು ನೋಡಿದಾಗ ಹನ್ನೆರಡರಲ್ಲಿ ಹತ್ತು ಸರಿಯಾಗಿದ್ದವು. 500 ಕಿ.ಮೀ. ಓಡಿದ ಮೇಲೆ ಮತ್ತೆ ನೋಡಿದರೆ ನಾಲ್ಕು ಬೋಲ್ಟು ಕಾಲು ಸುತ್ತು ತಿರುಗಿದವು. ಬೋಲ್ಟಿನ ತಲೆಯ ಅಡಿಯ ಪೌಡರ್ ಪದರ ಒತ್ತಡಕ್ಕೆ ಸ್ವಲ್ಪ ಕುಸಿಯುವುದರಿಂದ ಹೀಗಾಗುತ್ತದೆ, ಹೊಸ ಕೋಟಿಂಗ್ ಇದ್ದರೆ ಈ ಮರುಬಿಗಿತ ಬಿಡಬಾರದು. ಬಳಿಕ ಸಡಿಲವಾಗಿಲ್ಲ.

ಈಗಿನ ಸ್ಥಿತಿ ಹೀಗಿದೆ. ಬ್ರಾಕೆಟ್ಟುಗಳ ಮಡಿಕೆಯಲ್ಲಿ, ಬೋಲ್ಟುಗಳ ಸುತ್ತ, ಚಾಸಿ ತಾಗುವಲ್ಲಿ ಜಂಗಿನ ಸುಳಿವಿಲ್ಲ. ಗಾಡಿ ತೊಳೆಸುವಾಗ ಕೆಳಗಿನ ತೂತುಗಳಿಂದ ಕೆಂಪಲ್ಲದ, ಬರಿಯ ಮಣ್ಣಿನ ನೀರು ಇಳಿಯುತ್ತದೆ. ಎಡಗಡೆಯ ಒಂದು ತೂತು ಮೇಣ ಮತ್ತು ಮಣ್ಣು ಸೇರಿ ಕಟ್ಟಿಕೊಂಡಿತ್ತು, ತಂತಿಯಿಂದ ಬಿಡಿಸಿದೆ. ಕೆಟ್ಟಿರುವುದು ಎರಡು ಕಡೆ. ಎಡ ಸ್ಟೆಪ್ಪಿನ ಮುಂದಿನ ತುದಿಗೆ ಗಾಲಿಯಿಂದ ಸಿಡಿದ ಖಡಿ ಕಲ್ಲು ಬಡಿದು ಕೋಟಿಂಗ್ ನಾಲ್ಕು ಕಡೆ ಹಾರಿದೆ, ಅದರಲ್ಲಿ ಒಂದು ಕಡೆ ಜಂಗು ಪದರದ ಅಡಿಯಲ್ಲಿ ಹರಿದು ಒಂದು ರೂಪಾಯಿ ನಾಣ್ಯದಷ್ಟು ಅಗಲ ಉಬ್ಬಿದೆ. ಪೌಡರ್ ಕೋಟಿಂಗಿನ ದೌರ್ಬಲ್ಯವೇ ಇದು; ಒಂದು ಕಡೆ ಒಡೆದರೆ ಅಕ್ಕಪಕ್ಕದ ಪದರವು ಮೇಲೆ ಗಟ್ಟಿಯಾಗಿ ಕಾಣುತ್ತಲೇ ಅಡಿಯಲ್ಲಿ ಬಿಡುತ್ತ ಹೋಗುತ್ತದೆ. ಮುಂದಿನ ಗಾಲಿಯ ಮಡ್‌ಫ್ಲ್ಯಾಪ್ ಒಂದು ಗೇಣು ಉದ್ದದ್ದು ಹಾಕಿಸಿದ್ದರೆ ಇದು ಆಗುತ್ತಿರಲಿಲ್ಲ. ಹೇಳದಿದ್ದುದು ಅಂಗಡಿಯವರ ತಪ್ಪು, ಕೇಳದಿದ್ದುದು ನನ್ನದು. ಇನ್ನೊಂದು, ಕಾಲಿಡುವ ರಬ್ಬರ್ ಪಟ್ಟಿಯ ಅಡಿ. ಮರಳು ಒಳಸೇರಿ, ತುಳಿದಾಗಲೆಲ್ಲ ಸ್ಯಾಂಡ್ ಪೇಪರಿನಂತೆ ಉಜ್ಜಿ, ಬಣ್ಣ ಮಬ್ಬಾಗಿದೆ. ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ಕಬ್ಬಿಣ ಕಾಣುತ್ತಿತ್ತು. ಈ ಪಟ್ಟಿಗಳ ಕ್ಲಿಪ್ಪು ಬಿಚ್ಚಿ ವರ್ಷಕ್ಕೊಮ್ಮೆಯಾದರೂ ಅಡಿಯನ್ನು ತೊಳೆಯಬೇಕು. ಎರೆ ರಾಡಿಯನ್ನಂತೂ ಹಸಿಯಿರುವಾಗಲೇ ತೊಳೆಸುವುದು ಒಳ್ಳೆಯದು, ಒಣಗಿದ ಮೇಲೆ ಅದನ್ನು ಕೆರೆದು ತೆಗೆಯುವಾಗ ಬಣ್ಣವೂ ಜೊತೆಗೆ ಬರುತ್ತದೆ. ಗೊಬ್ಬರ ಇಳಿಸಿದ ದಿನ, ಅಂಕೋಲೆಯಿಂದ ಬಂದ ದಿನ ಬರಿಯ ನೀರು ಸಾಕು, ತಳಕ್ಕೆ ಧಾರಾಳವಾಗಿ ಹೊಡೆಯಬೇಕು.

ಉಬ್ಬಿದ ಜಾಗವನ್ನು ತೋರಿಸಲು ಅಂಗಡಿಗೆ ಹೋದಾಗ, ಮಾರುವ ದಿನ ಬಾಯಲ್ಲಿ ಹೇಳಿದ್ದ ಐದು ವರ್ಷದ ಗ್ಯಾರಂಟಿಯ ಮಾತು ಬಿಲ್ಲಿನ ಹಿಂದೆ “ಬಣ್ಣಕ್ಕೆ ಗ್ಯಾರಂಟಿ ಇಲ್ಲ” ಎಂಬ ರಬ್ಬರ್ ಮುದ್ರೆಯಾಗಿ ಕುಳಿತಿರುವುದು ಗೊತ್ತಾಯಿತು. ಬಣ್ಣ ನಾನು ಬೇರೆಡೆ ಮಾಡಿಸಿದ್ದರಿಂದ ಜಗಳಕ್ಕೆ ನನಗೆ ಹಕ್ಕಿರಲಿಲ್ಲ, ಆದರೆ ಅವರದೇ ಬಣ್ಣವನ್ನು ನಂಬಿ ಹೋದವರ ಕೈಗೂ ಅದೇ ಬಿಲ್ಲು ಸಿಗುತ್ತದೆ. ಮೊದಲಿಗೆ ಎಸ್ಟಿಮೇಟ್ ಚೀಟಿ ಮಾತ್ರ ಕೊಡುತ್ತಾರೆ, ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಬೇಕು ಎಂಬುದನ್ನೂ ಸೇರಿಸುತ್ತೇನೆ. ಸ್ಟೆಪ್ಪಿಗೆ 6,800, ಎರಡು ಸಲದ ಕೂಲಿ 1,600, ಕೋಟಿಂಗ್ 1,800, ಬೋಲ್ಟು ಮತ್ತು ಮೇಣದ ಸ್ಪ್ರೇ 1,150, ಒಟ್ಟು 11,350 ರೂಪಾಯಿ ಆಯಿತು. ಅಂಗಡಿಯ ಮಾತಿನಂತೆ ಒಂದೇ ದಿನದಲ್ಲಿ ಮುಗಿಸಿದ್ದರೆ 8,000 ಆಗುತ್ತಿತ್ತು.

ಅಳತೆಗೆ, ಜೋಡಣೆಗೆ, ನಡವಳಿಕೆಗೆ ಈ ಅಂಗಡಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ; ಜಂಗಿನ ರಕ್ಷಣೆಗೆ ಒಂದು. ಈ ಬೇಸಿಗೆಯಲ್ಲಿ ಎಡಬದಿಯದನ್ನು ಬಿಚ್ಚಿಸಿ, ಉಬ್ಬಿದ ಜಾಗವನ್ನು ಬೆಳ್ಳಗಿನ ಲೋಹ ಕಾಣುವವರೆಗೆ ಕೆರೆಸಿ, ಮತ್ತೆ ಗೋಕುಲ ರಸ್ತೆಗೆ ಕೋಟಿಂಗಿಗೆ ಕೊಡಲಿದ್ದೇನೆ. ಬಿಚ್ಚಲು ಮತ್ತು ಕೂರಿಸಲು ಅದೇ ಮೇಸ್ತ್ರಿಗೆ ಹೇಳಿಟ್ಟಿದ್ದೇನೆ, ಉದ್ದನೆಯ ಮಡ್‌ಫ್ಲ್ಯಾಪ್ ಒಂದು ಜೊತೆ ತೆಗೆದಿಡಲೂ ಹೇಳಿದ್ದೇನೆ.